ಬಿದ್ದ ಪೆಟ್ಟೋ, ಬಡಿದ ಪೆಟ್ಟೋ?

ಮಗನಿಗೆ ಆಗ ಮೂರು ತುಂಬಿತ್ತು. ಕಲಬುರಗಿಯ ಮನೆಯಲ್ಲಿ ಅವನನ್ನು ಅವ್ವನ ಹತ್ತಿರ ಬಿಟ್ಟು ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ಮಧ್ಯಾಹ್ನ ಫೋನ್ ಬಂತು. ಆಸ್ಪತ್ರೆಗೆ ಓಡಿದರೆ ಹುಡುಗನ ಎಡತೋಳು ಊದಿಕೊಂಡಿದೆ, ಮುಟ್ಟಲಿಕ್ಕೆ ಬಿಡ್ತಿಲ್ಲ. ಎಕ್ಸ್‌ರೇ ತೆಗೆದರು. ಮೂಳೆ ಮುರಿದಿತ್ತು. ಇನ್ನೇನು ಪ್ಲಾಸ್ಟರ್ ಹಾಕಿ ಕಳಿಸ್ತಾರೆ ಅಂದುಕೊಂಡರೆ, ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಪೆನ್ನು ಹಿಡಿದು ಕೂತರು. ಹೇಗೆ ಬಿದ್ದ? ಎಷ್ಟೊತ್ತಿಗೆ? ಯಾರು ನೋಡಿದ್ರು? ಕಟ್ಟೆ ಎಷ್ಟು ಎತ್ತರ ಇದೆ?

"ಕಟ್ಟಿ ಮ್ಯಾಲಿಂದ ಬಿದ್ದಾನಂತ ಹೇಳೀನಲ್ರೀ" ಅಂದಳು ಅವ್ವ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮೂರನೇ ಸಲ ಅವಳೊಬ್ಬಳನ್ನೇ ಪರದೆಯ ಆಚೆ ಕರೆದು ಕೇಳಿದರು. ಹುಡುಗನ ಅಂಗಿ ಬಿಚ್ಚಿಸಿ ಬೆನ್ನು, ತೊಡೆ, ಕಿವಿಯ ಹಿಂದೆ ಎಲ್ಲ ನೋಡಿದರು. ಬೆನ್ನ ಮೇಲೆ ಅಡ್ಡಕ್ಕೆ ಮೂರು ತರಚು ಗೆರೆ ಇದ್ದವು. ಅವನ್ನೇ ಜಾಸ್ತಿ ಹೊತ್ತು ನೋಡಿದರು.

ನನಗೆ ಮೈಯೆಲ್ಲ ಉರಿಯಿತು. ನಾವೇನು ಮಗುವಿಗೆ ಹೊಡೆಯುವವರ ಹಾಗೆ ಕಾಣ್ತೀವಾ ಅಂತ ಕೇಳಿಯೂಬಿಟ್ಟೆ. ಅವರು ತಲೆ ಎತ್ತದೆ, "ಎಲ್ಲರಿಗೂ ಕೇಳ್ತೀವಿ ಸರ್" ಅಂದರು. ಆ ಸಿಟ್ಟು ಇಳಿದ ಮೇಲೆ ನಾನು ಓದಲು ಕೂತೆ. ಎಲ್ಲರಿಗೂ ಕೇಳುವ ಈ ಪದ್ಧತಿ ಹುಟ್ಟಿದ್ದು ಎಲ್ಲಿ? ಉತ್ತರ ಹುಡುಕಿದರೆ ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಪ್ಯಾರಿಸ್ಸಿನಲ್ಲಿ ತಾರ್ದ್ಯೂ ಅಂತ ಒಬ್ಬ ಡಾಕ್ಟರಿದ್ದರು. ಪೊಲೀಸರಿಗಾಗಿ ಶವಪರೀಕ್ಷೆ ಮಾಡುವುದು ಅವರ ಕೆಲಸ. ಮನೆಯವರ ಕೈಯಲ್ಲೇ ಪೆಟ್ಟು ತಿಂದ 32 ಮಕ್ಕಳ ಬಗ್ಗೆ 1860ರಲ್ಲಿ ಬರೆದರು. ಅದರಲ್ಲಿ 18 ಮಕ್ಕಳು ಸತ್ತಿದ್ದವು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಚಿತ್ರ ಅಂದರೆ ಬ್ರಿಟಿಷರು ಭಾರತೀಯ ದಂಡ ಸಂಹಿತೆ ತಂದದ್ದೂ ಅದೇ 1860ರಲ್ಲಿ. 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆ ಅಂತ ಪಾಲಕರು ಸದುದ್ದೇಶದಿಂದ ಮಾಡಿದ್ದು ಅಪರಾಧ ಅಲ್ಲ ಅನ್ನುತ್ತಿತ್ತು ಅದರ 89ನೇ ಕಲಂ. ಭಾರಿ ಗಾಯಕ್ಕೆ ಈ ರಿಯಾಯಿತಿ ಸುಲಭಕ್ಕೆ ಸಿಗಲ್ಲ, ಅದು ಬೇರೆ. ನಮ್ಮ ಕಡೆ ಆಗ ನಿಜಾಮರ ರಾಜ್ಯ, ಕಾನೂನೂ ಅವರದೇ. ಆದರೆ ಆ ಕಲಂ ಹಿಂದಿರುವ ಮನಸ್ಸು ಎಲ್ಲ ಕಡೆ ಒಂದೇ. "ಛಡಿ ಛಂ ಛಂ, ವಿದ್ಯೆ ಘಂ ಘಂ" ಅಂತ ಹೇಳಿಕೊಂಡೇ ಅಲ್ವಾ ನಾವೆಲ್ಲ ಬೆಳೆದದ್ದು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗಲೂ ಆ ಕಲಂ ಹೋಗಲಿಲ್ಲ, 27 ಅಂತ ಹೊಸ ನಂಬರ್ ಪಡೆಯಿತು.

1874ರಲ್ಲಿ ನ್ಯೂಯಾರ್ಕಿನಲ್ಲಿ ಮೇರಿ ಎಲೆನ್ ಅನ್ನುವ ಹುಡುಗಿಯ ಪ್ರಕರಣ ಕೋರ್ಟಿಗೆ ಬಂತು. ಸುಮಾರು ಹತ್ತು ವರ್ಷದವಳು. ಸಾಕಿದವಳು ದಿನಾ ಚಾಟಿಯಲ್ಲಿ ಹೊಡೆಯುತ್ತಿದ್ದಳು, ಮುಖದ ಮೇಲೆ ಕತ್ತರಿಯ ಗಾಯವಿತ್ತು. ಅವಳನ್ನು ಬಿಡಿಸಬೇಕೆಂದು ಓಡಾಡಿದ ಎಟ್ಟಾ ವೀಲರ್‌ಗೆ ಎಲ್ಲೂ ದಾರಿ ಸಿಗಲಿಲ್ಲ. ಕೊನೆಗೆ ಹೋದದ್ದು ಪ್ರಾಣಿದಯಾ ಸಂಘ ಕಟ್ಟಿದ್ದ ಹೆನ್ರಿ ಬರ್ಗ್ ಹತ್ತಿರ. ಹುಡುಗಿಯನ್ನು ಪ್ರಾಣಿ ಅಂತ ತೋರಿಸಿ ಕೇಸ್ ಗೆದ್ದರು ಅನ್ನುವ ಕಥೆ ಇವತ್ತಿಗೂ ಓಡಾಡುತ್ತದೆ. ಅದು ಸುಳ್ಳು. ಬರ್ಗ್ ಸಹಾಯ ಮಾಡಿದ್ದು ನಿಜ, ಆದರೆ ಹುಡುಗಿಯನ್ನು ಕೋರ್ಟಿಗೆ ತಂದದ್ದು ಮನುಷ್ಯರ ಕಾನೂನಿನಡಿಯೇ. ಸಾಕಿದವಳಿಗೆ ಒಂದು ವರ್ಷ ಜೈಲಾಯಿತು. ಮಕ್ಕಳ ಮೇಲಿನ ಕ್ರೌರ್ಯ ತಡೆಯಲು ಅಲ್ಲೇ ಒಂದು ಸಂಘ ಹುಟ್ಟಿತು. ಪ್ರಾಣಿದಯಾ ಸಂಘಕ್ಕೆ ಆಗಲೇ ಎಂಟು ವರ್ಷವಾಗಿತ್ತು!

ಡಾಕ್ಟರುಗಳ ಕಣ್ಣು ತೆರೆಸಿದ್ದು ಎಕ್ಸ್‌ರೇ. ಜಾನ್ ಕ್ಯಾಫಿ ಮಕ್ಕಳ ಎಕ್ಸ್‌ರೇ ನೋಡುವುದರಲ್ಲಿ ಪಳಗಿದವರು. ಮಿದುಳಿನ ಹೊದಿಕೆಯ ಕೆಳಗೆ ರಕ್ತ ಹೆಪ್ಪುಗಟ್ಟಿದ್ದ ಆರು ಕೂಸುಗಳ ಕೈಕಾಲಿನ ಚಿತ್ರಗಳನ್ನು ಅವರು ನೋಡಿದರು. ಆರೂ ಕೂಸುಗಳಿಂದ ಒಟ್ಟು 23 ಮುರಿತ. ಕೆಲವು ಹಳೆಯವು, ಕೆಲವು ಹೊಸವು. ಯಾವ ತಂದೆ ತಾಯಿಯೂ ಪೆಟ್ಟಾದ ಸುದ್ದಿ ಹೇಳಿರಲಿಲ್ಲ. ಕ್ಯಾಫಿ 1946ರಲ್ಲಿ ಇದನ್ನು ಬರೆದರು, ಆದರೆ ಹೊಡೆದದ್ದು ಯಾರು ಅಂತ ನೇರ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲವೋ ಏನೋ. ಯಾವ ಡಾಕ್ಟರಿಗೆ ತಾನೇ ಎದುರಿಗೆ ಅಳುತ್ತಾ ಕೂತ ತಾಯಿಯನ್ನು ಅನುಮಾನಿಸಲು ಮನಸ್ಸು ಬರುತ್ತದೆ?

ಬಾಯಿ ಬಿಟ್ಟು ಹೇಳಿದ್ದು ಮಕ್ಕಳ ಡಾಕ್ಟರು ಹೆನ್ರಿ ಕೆಂಪ್ ಮತ್ತು ಜೊತೆಗಾರರು, 1962ರ ಒಂದು ಲೇಖನದಲ್ಲಿ. ಅವರು ಅಮೆರಿಕದ 71 ಆಸ್ಪತ್ರೆಗಳಿಂದ ಲೆಕ್ಕ ತರಿಸಿದರು. ಒಂದೇ ವರ್ಷದಲ್ಲಿ ಇಂಥ 302 ಮಕ್ಕಳು. 33 ಸತ್ತಿದ್ದವು, 85 ಮಕ್ಕಳ ಮಿದುಳಿಗೆ ಶಾಶ್ವತ ಪೆಟ್ಟಾಗಿತ್ತು. ಆ ಲೇಖನದ ತಿರುಳು ಒಂದೇ ಮಾತು: ಮನೆಯವರು ಹೇಳುವ ಕಥೆಗೂ ಮಗುವಿನ ಮೈ ಹೇಳುವ ಕಥೆಗೂ ತಾಳೆಯಾಗದಿದ್ದರೆ ಡಾಕ್ಟರು ಸುಮ್ಮನಿರಬಾರದು. ಐದೇ ವರ್ಷದಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ವರದಿ ಕಡ್ಡಾಯ ಮಾಡಿದವು. ಆ ಕಾನೂನುಗಳ ಜಾಣತನ ಅಂದರೆ, ವರದಿ ಮಾಡುವವರು ಏನನ್ನೂ ಸಾಬೀತು ಮಾಡಬೇಕಿಲ್ಲ. ಅನುಮಾನಕ್ಕೆ ಕಾರಣ ಇದ್ದರೆ ಸಾಕು. ಒಳ್ಳೆ ಮನಸ್ಸಿನಿಂದ ತಿಳಿಸಿದ್ದು ತಪ್ಪಾಗಿದ್ದರೂ ಅವರ ಮೇಲೆ ಕೇಸ್ ಇಲ್ಲ.

ತಾಳೆಯಾಗುವುದು ಅಂದರೆ ಏನು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓಡಾಡುವ ಮಗುವಿನ ಮೊಣಕಾಲು, ಹಣೆ, ಗದ್ದ ನೋಡಿ. ಕಲೆ ಇಲ್ಲದ ಮಗುವೇ ಇಲ್ಲ. ಆದರೆ ಇನ್ನೂ ಮಗುಚಿಕೊಳ್ಳಲೂ ಬಾರದ ಕೂಸಿನ ಮೈ ನೀಲಿಗಟ್ಟುವುದು ಹೇಗೆ? 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ 973 ಮಕ್ಕಳ ಮೈಯನ್ನು ಸುಮ್ನೆ ಪರೀಕ್ಷಿಸಿತ್ತು. ನಡೆಯುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಇಂಥ ಕಲೆ ಇತ್ತು. ಆರು ತಿಂಗಳೊಳಗಿನ ಕೂಸುಗಳಲ್ಲಿ ನೂರಕ್ಕೆ ಒಂದಕ್ಕೂ ಇರಲಿಲ್ಲ. 2010ರಲ್ಲಿ ಮೇರಿ ಕ್ಲೈಡ್ ಪಿಯರ್ಸ್ ಮತ್ತು ಜೊತೆಗಾರರು ಇದನ್ನು ನೆನಪಿಡಲು ಸುಲಭ ಮಾಡಿದರು. ನಾಲ್ಕು ವರ್ಷದೊಳಗಿನ ಮಗುವಿನ ಎದೆ, ಹೊಟ್ಟೆ, ಬೆನ್ನಿನ ಭಾಗ, ಕಿವಿ, ಕುತ್ತಿಗೆ ನೀಲಿಗಟ್ಟಿದ್ದರೆ ನಿಂತು ಕೇಳಿ. ನಾಲ್ಕು ತಿಂಗಳೊಳಗಿನ ಕೂಸಾದರೆ ಎಲ್ಲಿ ಕಲೆಯಿದ್ದರೂ ಕೇಳಿ. ಕಿವಿ ಯಾಕೆ? ಬೀಳುವಾಗ ತಲೆ, ಭುಜ ಮುಂದೆ ಬರುತ್ತವೆ, ಕಿವಿ ಅವುಗಳ ಮರೆಯಲ್ಲಿ ಉಳಿಯುತ್ತದೆ. ಕಿವಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಯಾರೋ ಹಿಂಡಿದಾಗ, ಕಪಾಳಕ್ಕೆ ಬಾರಿಸಿದಾಗ.

ಸುಟ್ಟ ಗಾಯವೂ ಹಾಗೆಯೇ. ಒಲೆಯ ಮೇಲಿನ ಬೇಳೆಯ ಪಾತ್ರೆಯನ್ನು ಮಗು ಎಳೆದುಕೊಂಡರೆ ಮುಖ, ಎದೆಯ ಮೇಲೆ ಚೆಲ್ಲಿ, ಕೆಳಗೆ ಹರಿದಂತೆ ಗಾಯ ಸಣ್ಣದಾಗುತ್ತದೆ, ಅಂಚು ಚೆಲ್ಲಾಪಿಲ್ಲಿ. ಬಿಸಿನೀರಿನಲ್ಲಿ ಕಾಲು ಒತ್ತಿ ಹಿಡಿದಿದ್ದರೆ ಎರಡೂ ಕಾಲಿಗೆ ಸಾಕ್ಸ್ ಹಾಕಿದಂತೆ ಗೆರೆ ಕೊರೆದ ಅಂಚು. ಇದರ ಜೊತೆಗೆ ಆಸ್ಪತ್ರೆಗೆ ತರಲು ಎರಡು ದಿನ ತಡ, ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು. ಒಂದೊಂದೇ ಇದ್ದರೆ ಏನೂ ಹೇಳಲಾಗದು. ತಡ ಮಾಡಿದ್ದು ಬಸ್ಸಿಲ್ಲದೆಯೂ ಇರಬಹುದು. ಯಾದಗಿರಿ ಜಿಲ್ಲೆಯ ತಾಂಡಾಗಳಿಂದ ಬರುವವರಿಗೆ ಅದು ಗೊತ್ತು.

ಮೋಸ ಮಾಡುವ ಗುರುತುಗಳೂ ಇವೆ. ನಮ್ಮ ಎಷ್ಟೋ ಕೂಸುಗಳ ಕುಂಡಿ, ಸೊಂಟದ ಮೇಲೆ ಹುಟ್ಟಿದಾಗಲೇ ನೀಲಿ ಮಚ್ಚೆ ಇರುತ್ತದೆ. ಗೊತ್ತಿಲ್ಲದವರು ಪೆಟ್ಟು ಅಂದುಕೊಳ್ಳುತ್ತಾರೆ. ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ ಇರಬಹುದು, ಹುಟ್ಟಿನಿಂದಲೇ ಮೂಳೆ ಪೊಳ್ಳು ಇರಬಹುದು. ಅದಕ್ಕೇ ಒಳ್ಳೆ ಡಾಕ್ಟರು ರಕ್ತ ಪರೀಕ್ಷೆಯನ್ನೂ ಬರೆಯುತ್ತಾರೆ.

ಇನ್ನು ನಮ್ಮ ದೇಶದ ಕಥೆ. ಕಾನೂನು ಇಲ್ಲದೆ ಇರಲಿಲ್ಲ. ಮದ್ರಾಸಿನಲ್ಲಿ 1920ರಲ್ಲೇ ಮಕ್ಕಳ ಕಾಯ್ದೆ ಬಂದಿತ್ತು. ಆದರೆ ಮನೆಯೊಳಗಿನ ಪೆಟ್ಟು ಮನೆಯ ವಿಷಯ ಆಗಿಯೇ ಉಳಿಯಿತು. 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. 1996ರಲ್ಲಿ ಮುಂಬೈಯಲ್ಲಿ ಮಕ್ಕಳ ಸಹಾಯವಾಣಿ 1098 ಶುರುವಾಯಿತು. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತು. ಮೂರರಲ್ಲಿ ಇಬ್ಬರು ಮಕ್ಕಳು ಪೆಟ್ಟು ತಿಂದಿದ್ದರು. ಮನೆಯಲ್ಲಿ ಪೆಟ್ಟು ತಿಂದವರಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಮಕ್ಕಳಿಗೆ ಹೊಡೆದದ್ದು ತಂದೆ ತಾಯಿಯೇ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು. ಮನೆಯ ಬಾಗಿಲ ಹತ್ತಿರ ಬಂದು ಅದು ನಿಂತಿತು.

2012ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಮೂರು ತಿಂಗಳ ಹೆಣ್ಣುಕೂಸು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಹೊಡೆದ ಆರೋಪ ಬಂದದ್ದು ತಂದೆಯ ಮೇಲೆ. ಅದೇ ವರ್ಷ ನವೆಂಬರ್ 14ರಂದು ಪೋಕ್ಸೊ ಜಾರಿಯಾಯಿತು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದವರು, ನಡೆಯಬಹುದು ಅಂತ ಅನಿಸಿದವರು ಸಹ, ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಡಾಕ್ಟರಿಗೂ ಇದು ಅನ್ವಯ, ಪಕ್ಕದ ಮನೆಯವರಿಗೂ. ಈ ಕಾನೂನು ಚೆನ್ನಾಗಿ ಗೊತ್ತಿದೆ.

ಆದರೆ ಸುಮ್ನೆ ಹೊಡೆದು ಮೂಳೆ ಮುರಿದರೆ? ನನ್ನ ಪ್ರಕಾರ ನಮ್ಮ ಕಾನೂನಿನ ದೊಡ್ಡ ಬಿರುಕು ಇಲ್ಲೇ ಇದೆ. 2016ರ ಜನವರಿಯಿಂದ ಜಾರಿಯಲ್ಲಿರುವ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಮಗುವಿನ ಹೊಣೆ ಹೊತ್ತವರು ಕ್ರೌರ್ಯ ಮಾಡಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ದಂಡ, ಇಲ್ಲವೇ ಎರಡೂ. ಜೊತೆಗಿರುವವರಿಂದಲೇ ಗಾಯಗೊಂಡ ಮಗುವನ್ನು ರಕ್ಷಣೆ ಬೇಕಾದ ಮಗು ಅಂತ ಕಾಯ್ದೆ ಕರೆಯುತ್ತದೆ. ಅಂಥ ಮಗುವನ್ನು ಡಾಕ್ಟರು, ನರ್ಸು, ಶಿಕ್ಷಕರು, ಯಾರು ಬೇಕಾದರೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ 24 ಗಂಟೆಯೊಳಗೆ ತರಬಹುದು. ಗಮನಿಸಿ, "ತರಬಹುದು". ಪೋಕ್ಸೊದಲ್ಲಿರುವ "ತಿಳಿಸಲೇಬೇಕು" ಎಂಬ ಗಟ್ಟಿ ಮಾತು ಇಲ್ಲಿಲ್ಲ.

ಆ ಬಿರುಕನ್ನು ಮುಚ್ಚುತ್ತಿರುವುದು ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸ್, ಅನ್ನುವ ಹಳೇ ಪದ್ಧತಿ. ಅನುಮಾನದ ಗಾಯ ಬಂದರೆ ದವಾಖಾನೆಯವರು ರಿಜಿಸ್ಟರಿನಲ್ಲಿ ಬರೆದು ಠಾಣೆಗೆ ತಿಳಿಸುತ್ತಾರೆ. ನಮ್ಮಲ್ಲಿ ಜನ ಹೆದರುವುದೂ ಈ ಮೂರು ಅಕ್ಷರಕ್ಕೇ. ಸಣ್ಣ ಕ್ಲಿನಿಕ್‌ಗಳೂ ಹೆದರುತ್ತವೆ, "ಎಂಎಲ್‌ಸಿ ಆಗ್ತದ, ದೊಡ್ಡ ದವಾಖಾನಿಗೆ ಹೋಗ್ರಿ" ಅಂತ ಸಾಗಹಾಕುತ್ತವೆ. ಮೊದಲು ಜೀವ ಉಳಿಸಿ, ಕಾಗದಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಕೂಸಿಗೆ ಕಾಮಾಲೆಯಾದರೆ, ಫಿಟ್ಸ್ ಬಂದರೆ ಹೊಟ್ಟೆ ಮೇಲೆ ಬರೆ ಹಾಕಿಸುವ ಮನೆಗಳು ಇನ್ನೂ ಇವೆ. ಕಾದ ಬಳೆಚೂರು, ಸೂಜಿ, ಊದುಬತ್ತಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ವಾಸಿಯಾಗಲಿ ಅಂತ. ಇವರನ್ನು ಕ್ರೂರಿಗಳು ಅನ್ನೋಕೆ ನನ್ನಿಂದ ಆಗಲ್ಲ. ಹಾಗಂತ ಹತ್ತು ದಿನದ ಕೂಸಿನ ಹೊಟ್ಟೆ ಮೇಲಿನ ಬರೆಯನ್ನು ನೋಡಿಯೂ ನೋಡದಂತೆ ಇರಬೇಕಾ? ವರದಿ ಹೋಗಬೇಕು. ಹಿಂದೆಯೇ ಜೈಲು ಬರಬೇಕಿಲ್ಲ, ತಿಳಿಸಿ ಹೇಳುವವರು ಬಂದರೆ ಸಾಕು. ಹೆರಿಗೆಯಾದ ಮೇಲೆ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರೇಳು ಸಲ ಮನೆಗೆ ಬಂದು ಕೂಸನ್ನು ನೋಡುತ್ತಾಳೆ. ಬಟ್ಟೆ ಬಿಚ್ಚಿ ಕೂಸಿನ ಮೈ ನೋಡುವ ಅವಕಾಶ ಡಾಕ್ಟರಿಗಿಂತ ಮೊದಲು ಸಿಗುವುದು ಅವಳಿಗೆ. ಆದರೆ ಅವಳೂ ಅದೇ ಓಣಿಯವಳು. ತಿಳಿಸಿದ್ದು ಯಾರು ಅಂತ ಊರಿಗೆ ಗೊತ್ತಾದರೆ ನಾಳೆ ಆ ಮನೆ ಬಾಗಿಲು ಅವಳಿಗೆ ತೆರೆಯಲ್ಲ.

ಜನರ ಭಯ ಸುಳ್ಳೂ ಅಲ್ಲ. 2021ರಲ್ಲಿ ಬರ್ಲಿನ್ನಿನಲ್ಲಿ ಗುಜರಾತಿ ದಂಪತಿ ತಮ್ಮ ಏಳು ತಿಂಗಳ ಕೂಸನ್ನು ಗಾಯ ಆಗಿದೆ ಅಂತ ಆಸ್ಪತ್ರೆಗೆ ಒಯ್ದರು. ಮಕ್ಕಳ ಇಲಾಖೆ ಕೂಸನ್ನು ವಶಕ್ಕೆ ತೆಗೆದುಕೊಂಡಿತು. 2022ರಲ್ಲಿ ಪೊಲೀಸ್ ಕೇಸ್ ಮುಚ್ಚಿದರೂ 2023ರಲ್ಲಿ ಕೋರ್ಟ್ ಕೂಸನ್ನು ತಂದೆ ತಾಯಿಗೆ ಕೊಡಲಿಲ್ಲ. ಟಿವಿಯಲ್ಲಿ ಇದನ್ನು ನೋಡಿದವರಿಗೆ ವರದಿ ಅಂದರೆ ಕೂಸು ಹೋಯ್ತು ಅನಿಸುವುದು ಸಹಜ.

ಇಲ್ಲಿನ ಕಾಯ್ದೆಯ ದಾರಿ ಬೇರೆ. 1098ಕ್ಕೆ ಫೋನ್ ಬಂದರೆ, ಅದನ್ನು 2023ರಿಂದ ಸರ್ಕಾರವೇ ನೋಡಿಕೊಳ್ಳುತ್ತಿದೆ, ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ಮನೆಯ ಸ್ಥಿತಿ ನೋಡಿ 15 ದಿನದಲ್ಲಿ ವರದಿ ಕೊಡಲು ಹೇಳುತ್ತಾರೆ. ಎರಡು ವರ್ಷದೊಳಗಿನ ಕೂಸಿಗೆ ಹುಷಾರಿಲ್ಲದಿದ್ದರೆ ಎತ್ತಿಕೊಂಡು ಹೋಗಬೇಕಿಲ್ಲ, ಫೋಟೊ ಮತ್ತು ಬರಹ ಕಳಿಸಿ, ವಾಸಿಯಾದ ಮೇಲೆ ತೋರಿಸಬಹುದು. ಮಗುವನ್ನು ಬಾಲಮಂದಿರಕ್ಕೆ ಕಳಿಸುವುದು ಕೊಟ್ಟಕೊನೆಯ ದಾರಿ. ಅಜ್ಜಿಯೋ ಸೋದರಮಾವನೋ ನೋಡಿಕೊಳ್ಳುವಂತಿದ್ದರೆ ಮೊದಲು ಅದು. ಬರಹದಲ್ಲಿ ಚೆನ್ನಾಗಿದೆ. ಹೊಟ್ಟೆಪಾಡಿಗೆ ತಂದೆ ತಾಯಿ ಬೆಂಗಳೂರು, ಮುಂಬೈಗೆ ದುಡಿಯಲು ಹೋಗಿ, ಅಜ್ಜಿಯ ಹತ್ತಿರವೇ ಬೆಳೆಯುವ ಮಕ್ಕಳು ನಮ್ಮಲ್ಲಿ ಎಷ್ಟೋ ಇದ್ದಾರೆ. ಅಲ್ಲಿ ಅಜ್ಜಿಯೇ ಅನುಮಾನದ ಜಾಗದಲ್ಲಿ ನಿಂತರೆ ಏನು ಮಾಡುವುದು?

ಆ ದಿನ ನಮ್ಮ ಅವ್ವ ನಿಂತದ್ದು ಅಂಥದೇ ಜಾಗದಲ್ಲಿ. ಡಾಕ್ಟರಮ್ಮ ಕೊನೆಗೆ ಹುಡುಗನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, "ಎಲ್ಲಿಂದ ಬಿದ್ದಿ ರಾಜಾ?" ಅಂದರು. ಅವನು ಬಿಕ್ಕುತ್ತಲೇ, "ಮ್ಯಾಲ... ಆಯಿ ಕಡಿ ಹೊಂಟಿದ್ದೆ" ಅಂದ.

ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಳಂತೆ. ಇವನು ಕಬ್ಬಿಣದ ನಿಚ್ಚಣಿಕೆ ಹತ್ತಿ ನಾಲ್ಕನೇ ಮೆಟ್ಟಿಲಿಂದ ಜಾರಿದ್ದ. ಬೆನ್ನ ಮೇಲಿನ ಮೂರು ಗೆರೆ ಆ ಮೆಟ್ಟಿಲುಗಳದ್ದು. ಒಂದೂವರೆ ಅಡಿ ಕಟ್ಟೆಯಿಂದ ಬಿದ್ದರೆ ಆ ಗೆರೆ ಬರಲ್ಲ ಅಂತ ಅವರಿಗೆ ಮೊದಲೇ ಅನಿಸಿತ್ತು. ಸೊಸೆ ಏನಂದಾಳೋ ಅನ್ನುವ ಅಂಜಿಕೆಗೆ ಅವ್ವ ಕಟ್ಟೆಯ ಕಥೆ ಕಟ್ಟಿದ್ದಳು.

ಡಾಕ್ಟರಮ್ಮ ಚೀಟಿಯಲ್ಲಿ ಮೊದಲಿನದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಹೊಸದನ್ನು ಬರೆದು, ಟೈಮ್ ಹಾಕಿ, ಸಹಿ ಮಾಡಿದರು. ವಾಪಸ್ ಬರುವಾಗ ಆಟೋದಲ್ಲಿ ಅವ್ವ ಯಾರ ಜೊತೆಗೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕರೆಯಲು ಹೊರಗೆ ಹೋದರೆ, ನಿಚ್ಚಣಿಕೆಯನ್ನು ಗೋಡೆಯಿಂದ ತೆಗೆದು ನೆಲಕ್ಕೆ ಮಲಗಿಸಿದ್ದಳು.