ದಿಮ್ಮಿಯ ಜೊತೆ ನಡೆದುಬಂದ ರಹದಾರಿ

ಹುಬ್ಬಳ್ಳಿಯ ಕಟ್ಟಿಗೆ ಅಡ್ಡೆಗೆ ಬಾಗಿಲ ಚೌಕಟ್ಟಿಗೆಂದು ಹೋದವರು ಸಾಮಾನ್ಯವಾಗಿ ಕೇಳುವುದು ಎರಡೇ ಮಾತು: ಯಾವ ಜಾತಿಯ ಮರ, ಘನ ಅಡಿಗೆ ಎಷ್ಟು. ಎಲ್ಲಿಯದು ಎಂದು ಕೇಳುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ. ಹಿಂದೆ ಅದರ ಅಗತ್ಯವೂ ಇರಲಿಲ್ಲವೇನೋ. ಬಯಲುಸೀಮೆಯ ಮನೆಗಳ ತೊಲೆ, ಕಂಬಗಳಿಗೆ ಬೇಕಾದ ಸಾಗವಾನಿ, ಮತ್ತಿ, ಹೊನ್ನೆ ಬರುತ್ತಿದ್ದುದು ಕಲಘಟಗಿ ದಾಟಿದರೆ ಸಿಗುವ ಕಿರವತ್ತಿ, ಯಲ್ಲಾಪುರಗಳ ಕಡೆಯಿಂದ, ಇಲ್ಲವೇ ಅಳ್ನಾವರದ ರೈಲುಹಾದಿಯ ತುದಿಯಲ್ಲಿರುವ ದಾಂಡೇಲಿಯಿಂದ. ಇಂದು ಅದೇ ಅಡ್ಡೆಗಳಲ್ಲಿ ಘಾನಾ, ಮಲೇಷ್ಯಾಗಳ ಹೆಸರು ಹೊತ್ತ ನಾಟಾ ಮಾರಾಟವಾಗುತ್ತದೆ.

ಮರಕ್ಕೆ ಕಾಗದ ಜೊತೆಯಾದದ್ದು ಬ್ರಿಟಿಷರ ಕಾಲದಲ್ಲಿ. 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿತು. 1878ರ ಮತ್ತು 1927ರ ಅರಣ್ಯ ಕಾಯ್ದೆಗಳು ನಾಟಾ ಸಾಗಾಟಕ್ಕೆ ರಹದಾರಿ (ಸಾಗಾಟದ ಅನುಮತಿ ಪತ್ರ), ಮೊಹರು, ಸುಂಕಗಳ ವ್ಯವಸ್ಥೆಗೆ ಅಧಿಕಾರ ಕೊಟ್ಟವು. ಕಾಡಿನ ಮೇಲಿನ ಮಮತೆಗಿಂತ ಬೊಕ್ಕಸದ ಲೆಕ್ಕವೇ ಇದರ ಹಿಂದೆ ದೊಡ್ಡದಾಗಿತ್ತು ಎನ್ನದೆ ವಿಧಿಯಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1969ರ ನಿಯಮಗಳು ಇದೇ ಚೌಕಟ್ಟನ್ನು ಮುಂದುವರಿಸಿದವು.

ಆದರೆ ರಹದಾರಿ ಇದ್ದ ಮಾತ್ರಕ್ಕೆ ಜನರಿಗೆ ನ್ಯಾಯ ಸಿಕ್ಕಂತಲ್ಲ ಎಂಬುದನ್ನು ತೋರಿಸಿಕೊಟ್ಟದ್ದು ಆಗಿನ ಧಾರವಾಡ, ಈಗಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಒದಗಿಸಲೆಂದು 1984ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿ ಸ್ಥಾಪನೆಯಾಯಿತು. ಹಳ್ಳಿಗರು ದನ ಮೇಯಿಸುತ್ತಿದ್ದ, ಉರುವಲು ಆಯುತ್ತಿದ್ದ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಅದಕ್ಕೆ ಒಪ್ಪಿಸುವ ಯೋಜನೆಯಿತ್ತು. ಇದರ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗಕ್ಕೆ ಬರುವ ಸಸಿಗಳನ್ನು ಹಚ್ಚಿದರು. 1991ರಲ್ಲಿ ಕಂಪನಿಯೇ ಮುಚ್ಚಿತು. ಇಲ್ಲಿ ಕಳ್ಳಸಾಗಾಟದ ಮಾತೇ ಇರಲಿಲ್ಲ, ಎಲ್ಲವೂ ಸರ್ಕಾರಿ ಕಾಗದದ ಮೇಲೆಯೇ ನಡೆದಿತ್ತು ಎಂಬುದು ಗಮನಿಸಬೇಕಾದ ಸಂಗತಿ.

1996ರ ಡಿಸೆಂಬರ್ 12ರಂದು ಅರಣ್ಯ ರಕ್ಷಣೆ ಕುರಿತ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ದೇಶದ ಉದ್ದಗಲಕ್ಕೂ ಕಡಿತಕ್ಕೆ ಕಡಿವಾಣ ಹಾಕಿತು. ಮುಂದಿನ ಆದೇಶಗಳು ಸಾ ಮಿಲ್ಲುಗಳ ಪರವಾನಗಿಯನ್ನೂ ಬಿಗಿಗೊಳಿಸಿದವು. ಕೊಡಲಿಯನ್ನು ಒಂದೆಡೆ ತಡೆದರೆ ಅದು ನೆರೆಯ ಕಾಡಿಗೆ ಹೋಗುತ್ತದೆ ಎಂಬುದು ಅಷ್ಟರಲ್ಲಾಗಲೇ ಆಗ್ನೇಯ ಏಷ್ಯಾದಲ್ಲಿ ಸಾಬೀತಾಗಿತ್ತು. ಪ್ರವಾಹದಿಂದ ಬುದ್ಧಿ ಕಲಿತ ಥಾಯ್ಲೆಂಡ್ 1989ರಲ್ಲಿ ಕಡಿತ ನಿಷೇಧಿಸಿದಾಗ ಅದರ ಬೇಡಿಕೆ ಬರ್ಮಾ, ಲಾವೋಸ್, ಕಾಂಬೋಡಿಯಾಗಳ ಕಾಡಿನ ಮೇಲೆ ಬಿತ್ತು; 1998ರಲ್ಲಿ ಕಡಿತಕ್ಕೆ ತಡೆ ಹಾಕಿದ ಚೀನಾದ ಕಥೆಯೂ ಅದೇ. ಮಾರುವವರೂ ಕೊಳ್ಳುವವರೂ ಒಟ್ಟಿಗೆ ಕೂರದೆ ದಾರಿಯಿಲ್ಲವೆಂದು 2001ರಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಸೇರಿದ ದೇಶಗಳು ಅಕ್ರಮ ಕಡಿತ ತಡೆಯುವ ಘೋಷಣೆ ಹೊರಡಿಸಿದವು. ಯುರೋಪ್ ಒಕ್ಕೂಟ 2013ರಿಂದ ಅಕ್ರಮ ಮರಕ್ಕೆ ತನ್ನ ಮಾರುಕಟ್ಟೆ ಮುಚ್ಚಿತು. 2016ರಲ್ಲಿ ಇಂಡೋನೇಷ್ಯಾ ಆ ಒಕ್ಕೂಟದೊಂದಿಗಿನ ಒಪ್ಪಂದದಂತೆ ಸಕ್ರಮತೆಯ ಪರವಾನಗಿ ನೀಡಿದ ಮೊದಲ ದೇಶವಾಯಿತು. ನಮ್ಮ ಘಟ್ಟದ ಬೀಟೆಯೂ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು.

ದೇಶದೊಳಗೆ ಮಾತ್ರ ರಾಜ್ಯಕ್ಕೊಂದು ರಹದಾರಿ, ರಾಜ್ಯಕ್ಕೊಂದು ವಿನಾಯಿತಿ ಪಟ್ಟಿ. ಒಂದು ರಾಜ್ಯದಲ್ಲಿ ಪಾಸು ಬೇಡದ ಮರಕ್ಕೆ ಗಡಿಯಾಚೆ ಪಾಸು ಬೇಕು. ರೈತ ತನ್ನ ಹೊಲದ ಬದುವಿನಲ್ಲಿ ಬೆಳೆಸಿದ ಮರಕ್ಕೂ ಇದೇ ಗೋಜಲು. ಇಡೀ ದೇಶಕ್ಕೆ ಒಂದೇ ಆನ್‌ಲೈನ್ ರಹದಾರಿಯ ವ್ಯವಸ್ಥೆಗೆ ಕೇಂದ್ರ ಸರ್ಕಾರ ಚಾಲನೆ ಕೊಟ್ಟದ್ದು 2023ರ ಡಿಸೆಂಬರಿನಲ್ಲಿ.

ಇದರಿಂದ ಲಾರಿಯ ಅಲೆದಾಟ ತಗ್ಗಬಹುದು, ಆದರೆ ದಿಮ್ಮಿಯ ಗುರುತು ಸಾ ಮಿಲ್ಲಿನ ಬಾಗಿಲಲ್ಲೇ ಅಳಿಸಿಹೋಗುತ್ತದೆ. ಸುತ್ತಿಗೆ ಮೊಹರು ಬೀಳುವುದು ದಿಮ್ಮಿಯ ತುದಿಗೆ; ಗರಗಸ ಹಾದ ಮೇಲೆ ಹಲಗೆಗೂ ಆ ಮೊಹರಿಗೂ ಇರುವ ನಂಟು ಮಿಲ್ಲಿನ ದಾಖಲೆ ಪುಸ್ತಕ ಮಾತ್ರ. ಹಡಗಿನಲ್ಲಿ ಬಂದ ನಾಟಾಕ್ಕೆ ಕೀಟಬಾಧೆಯಿಲ್ಲವೆಂಬ ಪ್ರಮಾಣಪತ್ರವನ್ನು ನಮ್ಮ ಬಂದರುಗಳಲ್ಲಿ ಕೇಳುತ್ತಾರೆ. ಆ ಮರವನ್ನು ಯಾರ ಕಾಡಿನಲ್ಲಿ, ಯಾರ ಅನುಮತಿಯಿಂದ ಕಡಿದರು ಎಂಬುದರ ಬಗ್ಗೆ ಆ ಪ್ರಮಾಣಪತ್ರದಲ್ಲಿ ಒಂದಕ್ಷರವೂ ಇರುವುದಿಲ್ಲ.