ಓದುಗರ ಪ್ರಶ್ನೆ: ನ್ಯಾಶ್‌ವಿಲ್‌ ಕಂಟ್ರಿ ಸಂಗೀತದ ತವರಾದದ್ದು ಒಂದು ರೇಡಿಯೊ ಕೇಂದ್ರದಿಂದಲೇ?

ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನಲ್ಲಿ ಬೆಳೆದ ಕಂಟ್ರಿ ಸಂಗೀತದ ಮಾತು ಬಂದಾಗಲೆಲ್ಲ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ ನಗರದ ಹೆಸರು ಬರುತ್ತದೆ. ಅದಕ್ಕೆ ಅಲ್ಲಿನ ಒಂದು ರೇಡಿಯೊ ಕೇಂದ್ರವೇ ಕಾರಣ ಎನ್ನುವುದು ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ. ಆ ಕೇಂದ್ರದ ಹೆಸರು ಡಬ್ಲ್ಯುಎಸ್‌ಎಂ. 1925ರ ಅಕ್ಟೋಬರ್‌ 5ರಂದು ಅದನ್ನು ಆರಂಭಿಸಿದ್ದು ನ್ಯಾಷನಲ್‌ ಲೈಫ್‌ ಆ್ಯಂಡ್‌ ಆ್ಯಕ್ಸಿಡೆಂಟ್‌ ಎಂಬ ವಿಮಾ ಕಂಪನಿ. ಅದರ ಏಜೆಂಟರು ಮನೆಮನೆಗೆ ಹೋಗಿ ದುಡಿಯುವ ಜನರಿಂದ ವಾರವಾರ ಸಣ್ಣ ಕಂತು ಸಂಗ್ರಹಿಸುತ್ತಿದ್ದರು. ಆ ಜನರಿಗೆ ಕಂಪನಿಯ ಹೆಸರು ಪರಿಚಿತವಾಗಲಿ ಎಂಬುದು ರೇಡಿಯೊ ತೆರೆದುದರ ಉದ್ದೇಶವಾಗಿತ್ತು.

ಷಿಕಾಗೊದ ರೇಡಿಯೊದಲ್ಲಿ ಜನಪದ ಸಂಗೀತದ ಕಾರ್ಯಕ್ರಮ ನಿರೂಪಿಸಿದ್ದ ಜಾರ್ಜ್‌ ಹೇ ಇಲ್ಲಿಗೆ ಬಂದ ಮೇಲೆ, ಆ ವರ್ಷದ ನವೆಂಬರ್‌ 28ರ ಶನಿವಾರ ರಾತ್ರಿ, 77 ವರ್ಷದ ಅಂಕಲ್‌ ಜಿಮ್ಮಿ ಥಾಂಪ್ಸನ್‌ ಅವರನ್ನು ಮೈಕಿನ ಮುಂದೆ ಕೂರಿಸಿ ಅವರಿಂದ ಪಿಟೀಲು ನುಡಿಸಿ ಪ್ರಸಾರ ಮಾಡಿದರು. ‘ದಕ್ಷಿಣದ ಅಥೆನ್ಸ್‌’ ಎಂದು ತಮ್ಮ ಊರನ್ನು ಕರೆದುಕೊಳ್ಳುತ್ತಿದ್ದ ಸುಶಿಕ್ಷಿತ ವರ್ಗಕ್ಕೆ ಈ ಹಳ್ಳಿಯ ಸಂಗೀತ ರುಚಿಸಲಿಲ್ಲ. ಆದರೆ ವಿಮೆಯ ಗ್ರಾಹಕರು ಮೆಚ್ಚಿದ್ದು ಅದನ್ನೇ. ಹೀಗಾಗಿ ಕಂಪನಿ ಹಿಂಜರಿಯಲಿಲ್ಲ.

1927ರ ಡಿಸೆಂಬರ್‌ನ ಒಂದು ರಾತ್ರಿ, ದೇಶವ್ಯಾಪಿ ರೇಡಿಯೊ ಜಾಲವಾದ ಎನ್‌ಬಿಸಿಯ ಶಾಸ್ತ್ರೀಯ ಸಂಗೀತ ಪ್ರಸಾರ ಮುಗಿದೊಡನೆ ಡಿಫೋರ್ಡ್‌ ಬೇಲಿ ಮೌತ್‌ ಆರ್ಗನ್‌ನಲ್ಲಿ ರೈಲು ಓಡುವ ಸದ್ದನ್ನು ನುಡಿಸಿದರು. ಆ ಸಂದರ್ಭದಲ್ಲಿಯೇ ಹೇ ಕಾರ್ಯಕ್ರಮಕ್ಕೆ ‘ಗ್ರ್ಯಾಂಡ್‌ ಓಲ್‌ ಆಪ್ರಿ’ (‘ಆಪ್ರಿ’ ಎಂದರೆ ‘ಒಪೆರಾ’ ಪದದ ಹಳ್ಳಿಯ ಉಚ್ಚಾರಣೆ) ಎಂಬ ಹೆಸರಿಟ್ಟರು. ಆಫ್ರಿಕನ್‌-ಅಮೆರಿಕನ್ನರಾಗಿದ್ದ ಬೇಲಿ ಆ ಕಾರ್ಯಕ್ರಮದ ಮೊದಲ ತಾರೆಗಳಲ್ಲೊಬ್ಬರು. ಅವರನ್ನು 1941ರಲ್ಲಿ ಕೈಬಿಡಲಾಯಿತು. ಮುಂದೆ ಬೂಟು ಪಾಲಿಶ್‌ ಅಂಗಡಿಯೇ ಅವರ ಜೀವನಾಧಾರವಾಯಿತು. ಕಂಟ್ರಿ ಸಂಗೀತದ ಕೀರ್ತಿಭವನಕ್ಕೆ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಕೊಂಡು 23 ವರ್ಷಗಳಾದ ಮೇಲೆ. ನ್ಯಾಶ್‌ವಿಲ್‌ನ ವೈಭವವನ್ನು ವರ್ಣಿಸುವ ಎಷ್ಟೋ ಬರಹಗಳು ಈ ಅನ್ಯಾಯವನ್ನು ದಾಟಿಹೋಗುತ್ತವೆ, ಹಾಗಾಗಬಾರದು.

ಕೇಂದ್ರದ ನಿಜವಾದ ಬಲ ಅದರ ತರಂಗಗಳಲ್ಲಿತ್ತು. 1932ರಲ್ಲಿ ಪ್ರಸಾರ ಸಾಮರ್ಥ್ಯ 50,000 ವ್ಯಾಟ್‌ಗೆ ಏರಿತು. ನಗರದ ದಕ್ಷಿಣಕ್ಕೆ 878 ಅಡಿ ಎತ್ತರದ, ವಜ್ರಾಕಾರದ ಗೋಪುರ ನಿಂತಿತು. ಮೀಡಿಯಂ ವೇವ್‌ ಅಲೆಗಳು ಕತ್ತಲಾದ ಮೇಲೆ ವಾತಾವರಣದ ಅಯಾನುಮಂಡಲಕ್ಕೆ ತಾಗಿ ಹಿಂದಿರುಗುವುದರಿಂದ ನೂರಾರು ಮೈಲಿ ಸಾಗಬಲ್ಲವು. ಅದರ ಜೊತೆಗೆ, 650 ಕಿಲೊಹರ್ಟ್ಸ್‌ ಕಂಪನಾಂಕದಲ್ಲಿ ರಾತ್ರಿ ಹೊತ್ತು ದೇಶದ ಬೇರೆ ಕೇಂದ್ರಗಳು ಪ್ರಸಾರ ಮಾಡುವಂತಿರಲಿಲ್ಲ. ಹೀಗೆ ಊರಿನ ಕೇಂದ್ರವೊಂದು ಹಲವು ರಾಜ್ಯಗಳ ರೈತರ ಮನೆಗಳಲ್ಲಿ ಶನಿವಾರದ ವಾಡಿಕೆಯಾಯಿತು.

ಆಪ್ರಿ ನೇರಪ್ರಸಾರವಾಗಿದ್ದರಿಂದ ಕಲಾವಿದರು ಖುದ್ದಾಗಿ ಬರಬೇಕಿತ್ತು. ಬಂದವರಲ್ಲಿ ಅನೇಕರು ಅಲ್ಲಿಯೇ ನೆಲೆಸಿದರು. ಅವರನ್ನು ಹಿಂಬಾಲಿಸಿ ಉದ್ಯಮವೂ ಬಂತು. ಆಪ್ರಿಯ ಗಾಯಕ ರಾಯ್‌ ಎಕಫ್‌ 1942ರಲ್ಲಿ ಫ್ರೆಡ್‌ ರೋಸ್‌ ಅವರೊಂದಿಗೆ ಸಂಗೀತ ಪ್ರಕಾಶನ ಸಂಸ್ಥೆ ಕಟ್ಟಿದರು. ಅದೇ ದಶಕದಲ್ಲಿ ಕೇಂದ್ರದ ಮೂವರು ಎಂಜಿನಿಯರುಗಳು ಧ್ವನಿಮುದ್ರಣ ಸ್ಟುಡಿಯೊ ತೆರೆದರು.

ಷಿಕಾಗೊದ ಡಬ್ಲ್ಯುಎಲ್‌ಎಸ್‌ ಕೇಂದ್ರ ಇದಕ್ಕಿಂತ ಮೊದಲೇ ಇಂಥ ಕಾರ್ಯಕ್ರಮ ನಡೆಸಿತ್ತು, ಒಂದು ಕಾಲಕ್ಕೆ ಹೆಚ್ಚು ಹೆಸರನ್ನೂ ಗಳಿಸಿತ್ತು. ಆದರೆ 1960ರಲ್ಲಿ ಅದು ಪಾಪ್‌ ಹಾಡುಗಳತ್ತ ಹೊರಳಿತು. ಡಬ್ಲ್ಯುಎಸ್‌ಎಂ ಮಾಲೀಕರು ಬದಲಾದರೂ ಆಪ್ರಿಯನ್ನು ಬಿಡಲಿಲ್ಲ. ಈಗಲೂ ಪ್ರತಿ ಶನಿವಾರ ಪ್ರಸಾರ ಮಾಡುತ್ತಿದೆ.