ಅಣುಗಳ ಒಡನಾಟಕ್ಕೆ ಕಿವಿಗೊಟ್ಟು

ಗೋಕಾಕ ತಾಲ್ಲೂಕಿನ ನಮ್ಮೂರ ಹಾಲಿನ ಡೇರಿಯಲ್ಲಿ ಬೆಳಗಿನ ಆರಕ್ಕೇ ಸಾಲು. ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಯಂತ್ರದ ನಳಿಗೆಗೆ ಹಿಡಿದರೆ, ಸ್ವಲ್ಪ ಹೊತ್ತಿನಲ್ಲೇ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ಪರದೆಯ ಮೇಲೆ ಮೂಡುತ್ತದೆ. ರೈತನಿಗೆ ಸಿಗುವ ದರ ಈ ಎರಡು ಅಂಕಿಗಳ ಮೇಲೆಯೇ ನಿಂತಿದೆ. ಇಂಥ ಅನೇಕ ಯಂತ್ರಗಳು ಕಿವಿಗೆ ಕೇಳಿಸದ ಧ್ವನಿಯನ್ನು ಹಾಲಿನೊಳಗೆ ಹಾಯಿಸಿ, ಅದು ಎಷ್ಟು ವೇಗವಾಗಿ ದಾಟಿತು ಎಂದು ಅಳೆಯುತ್ತವೆ.

ಬೆಳಗಾವಿಯ ಪ್ರಯೋಗಾಲಯದಲ್ಲಿ ನನ್ನ ವಿದ್ಯಾರ್ಥಿಗಳು ಮಾಡುವುದೂ ಇದನ್ನೇ. ಜೋಡಿ ಗೋಡೆಯ ಪುಟ್ಟ ಲೋಹದ ಪಾತ್ರೆಯ ತಳದಲ್ಲಿ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 20 ಲಕ್ಷ ಸಲ ಕಂಪಿಸುತ್ತದೆ. ಮೇಲೊಂದು ಲೋಹದ ತಟ್ಟೆ. ಹೊರಟ ಅಲೆ ಅದಕ್ಕೆ ಬಡಿದು ಮರಳುತ್ತದೆ. ಮೈಕ್ರೋಮೀಟರ್ ತಿರುಪನ್ನು ಮೆಲ್ಲಗೆ ತಿರುಗಿಸಿ ತಟ್ಟೆಯನ್ನು ಎತ್ತುತ್ತ ಹೋದರೆ ಮೀಟರಿನ ಮುಳ್ಳು ಏರುತ್ತದೆ, ಬೀಳುತ್ತದೆ, ಮತ್ತೆ ಏರುತ್ತದೆ. ಒಂದು ಏರಿಕೆಯಿಂದ ಮುಂದಿನದಕ್ಕೆ ಸರಿಯಾಗಿ ಅರ್ಧ ತರಂಗಾಂತರ, ಅಂದರೆ ಅಲೆಯ ಅರ್ಧ ಉದ್ದ. ಉಸಿರು ಬಿಗಿಹಿಡಿದು ಇಪ್ಪತ್ತು ಏರಿಕೆ ಎಣಿಸುವಷ್ಟರಲ್ಲಿ ತಟ್ಟೆ 7.49 ಮಿಲಿಮೀಟರ್ ಸರಿದಿದ್ದರೆ ಅಲೆಯ ಉದ್ದ 0.749 ಮಿಲಿಮೀಟರ್; ಅದನ್ನು ಸೆಕೆಂಡಿನ ಕಂಪನಗಳಿಂದ ಗುಣಿಸಿದರೆ, ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ 1498 ಮೀಟರ್. 25 ಡಿಗ್ರಿಯಲ್ಲಿ ಇರಬೇಕಾದದ್ದು 1497. ಆ ಒಂದು ಮೀಟರಿನ ಅಂತರ ಕಂಡು ಹಿಗ್ಗುವ ಮುಖಗಳನ್ನು ನೋಡುವುದೇ ನನಗೆ ಹಬ್ಬ.

ಈ ಸೀಮೆಯ ಸಕ್ಕರೆ ಕಾರ್ಖಾನೆಗಳು ಕಾಕಂಬಿಯಿಂದ ತೆಗೆಯುವ ಎಥನಾಲನ್ನು ತುಂಬಿದರೆ ವೇಗ ಸುಮಾರು 1144ಕ್ಕೆ ಇಳಿಯುತ್ತದೆ. ಎಥನಾಲ್ ನೀರಿಗಿಂತ ಹಗುರ. ಹಗುರವಾದದ್ದರಲ್ಲಿ ಧ್ವನಿ ಬೇಗ ಓಡಬೇಕಲ್ಲವೇ? ಆದರೆ ಸಾಂದ್ರತೆ ಒಂದೇ ಸಾಲದು, ದ್ರವ ಒತ್ತಿದರೆ ಎಷ್ಟು ಕುಗ್ಗುತ್ತದೆ ಎಂಬುದೂ ಬೇಕು. ಎಥನಾಲ್ ಹೆಚ್ಚು ಕುಗ್ಗುತ್ತದೆ, ಧ್ವನಿ ನಿಧಾನವಾಗುತ್ತದೆ.

ಇನ್ನು ಎರಡನ್ನೂ ಬೆರೆಸಿ. ವೇಗ ನಡುವೆ ಎಲ್ಲೋ ನಿಲ್ಲಬೇಕು ಎನಿಸುತ್ತದೆ. ನೂರು ಗ್ರಾಂ ಮಿಶ್ರಣದಲ್ಲಿ ಇಪ್ಪತ್ತು ಗ್ರಾಂ ಎಥನಾಲ್ ಇರಲಿ. ವೇಗ ಶುದ್ಧ ನೀರಿನದನ್ನೂ ಮೀರುತ್ತದೆ! ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಕೈ ಹಿಡಿದು ನಿಂತ ಹಂದರದಲ್ಲಿ ಸಂದುಗಳು ಬಹಳ. ಅಲ್ಲಿಗೆ ಎಥನಾಲಿನ ಅಣುಗಳು ಹೊಂದಿಕೊಂಡಾಗ ಮಿಶ್ರಣ ಒತ್ತಡಕ್ಕೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಎಥನಾಲ್ ಸುರಿದರೆ ನೂರು ತುಂಬದೆ ಸುಮಾರು 96ಕ್ಕೇ ನಿಲ್ಲುವುದೂ ಇಂಥದೇ ಹೊಂದಾಣಿಕೆಯಿಂದ. ಎಥನಾಲ್ ಇನ್ನೂ ಹೆಚ್ಚಿದರೆ ಹಂದರ ಸಡಿಲಗೊಂಡು ವೇಗ ಇಳಿಮುಖವಾಗುತ್ತದೆ.

ಆದರೂ ಧ್ವನಿ ಅಣುಗಳನ್ನು ಕಂಡಿತು ಎಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಈ ಅಲೆಯ ಉದ್ದ ಮುಕ್ಕಾಲು ಮಿಲಿಮೀಟರ್. ನೀರಿನ ಅಣುವಿಗಿಂತ ಇಪ್ಪತ್ತು ಲಕ್ಷ ಪಟ್ಟಿಗೂ ಹೆಚ್ಚು. ಅದು ತಿಳಿಸುವುದು ಇಡೀ ದ್ರವದ ಬಿಗುವನ್ನು. ಸಾಂದ್ರತೆಯನ್ನೂ ಅಳೆದು, ಬೇರೆ ಪುರಾವೆಗಳನ್ನೂ ಪಕ್ಕದಲ್ಲಿಟ್ಟು ಅಣುಗಳ ಮಾತಿಗೆ ಬರಬೇಕು.

ಪಾತ್ರೆಯ ಜೋಡಿ ಗೋಡೆಗಳ ನಡುವೆ ಒಂದೇ ಉಷ್ಣತೆಯ ನೀರು ಹರಿಯುತ್ತಲೇ ಇರಬೇಕು. ಬಿಸಿಯಾದಂತೆ ಎಥನಾಲಿನಲ್ಲಿ ಧ್ವನಿ ನಿಧಾನವಾಗುತ್ತದೆ. ನೀರಿನಲ್ಲಿ ಮಾತ್ರ ಸುಮಾರು 74 ಡಿಗ್ರಿಯವರೆಗೆ ಚುರುಕಾಗುತ್ತದೆ. ಹಾಲಿನ ಕೊಬ್ಬಿನದೂ ಎಥನಾಲಿನ ದಾರಿಯೇ. ಅದಕ್ಕೇ ಡೇರಿಯ ಹಲವು ಯಂತ್ರಗಳು ಅದೇ ಹಾಲನ್ನು ಎರಡು ಉಷ್ಣತೆಗಳಲ್ಲಿ ಅಳೆಯುತ್ತವೆ: ಕೊಬ್ಬು ಹೆಚ್ಚಿದಷ್ಟೂ ಎರಡು ವೇಗಗಳ ನಡುವಿನ ಅಂತರ ಬದಲಾಗುತ್ತದೆ, ಫ್ಯಾಟಿನ ಅಂಕಿ ಆ ಅಂತರದಿಂದ ಹೊರಡುತ್ತದೆ.